ಎಡಗೈ ಹಿಡಿಯುವ ಜಾಗ

ಎರಡನೆಯ ಅಂಗಿಯ ತೋಳಿಗೆ ಹೊಲಿಗೆ ಹಾಕುತ್ತಿದ್ದಾಗ ಹುವಾರಿಯಾಳ ಸೂಜಿ ಮುರಿಯಿತು. ಜೂಡೋ ಅಂಗಿಯ ಬಟ್ಟೆಯೇ ಹಾಗೆ, ಗೋಣಿ ಹೊಲಿಯುವ ಸೂಜಿಗೆ ಮಾತ್ರ ಬಗ್ಗುವಂಥದ್ದು. ಡಬ್ಬಿಯಲ್ಲಿ ದಪ್ಪ ಸೂಜಿ ಹುಡುಕಿ ದಾರ ಪೋಣಿಸಿದಳು. ಹರಿದ ಅಂಗಿಗಳನ್ನು ತಂದಿದ್ದ ಕ್ಲಬ್ಬಿನ ತರಬೇತುಗಾರ್ತಿ ನಸೀರಾ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಹುವಾರಿಯಾಳ ಗಂಡನ ಅಕ್ಕ ಖೈರಾ ಬಟಾಣಿ ಸುಲಿಯುತ್ತಿದ್ದಳು.

"ನಾಲ್ಕು ತಿಂಗಳು ಮನೆಯಲ್ಲೇ ಕೂತು ಇದ್ದತ್ ಮುಗಿಸಿ ಮೂರು ವಾರ ಆಯ್ತಲ್ಲ," ಎಂದಳು ನಸೀರಾ. "ಶನಿವಾರ ಬೆಳಿಗ್ಗೆ ಕ್ಲಬ್ಬಿಗೆ ಬಾರೇ."

ಹುವಾರಿಯಾ ಬಾಯಿ ತೆರೆಯುವ ಮೊದಲೇ ಖೈರಾ ಹೇಳಿದಳು: "ನಲವತ್ತೇಳು ವರ್ಷದ ವಿಧವೆ ಚಾಪೆ ಮೇಲೆ ಉರುಳಾಡೋದಾ? ಓರಾನ್ ಪಟ್ಟಣದ ಬಾಯಿಗಳಿಗೆಲ್ಲ ಒಂದು ತಿಂಗಳ ಮೇವು."

"ನೀವೂ ಬನ್ನಿ ಖೈರಕ್ಕ, ಬೀಳೋದು ಕಲಿಸ್ತೀನಿ."

"ಅದಕ್ಕೆ ನಿನ್ನ ಕ್ಲಬ್ಬು ಯಾಕೆ? ನಮ್ಮ ಮಹಡಿ ಮೆಟ್ಟಿಲು ಪುಕ್ಕಟೆ ಕಲಿಸುತ್ತೆ."

ಮೂವರೂ ನಕ್ಕರು. ನಗು ಮೊದಲು ನಿಂತದ್ದು ಹುವಾರಿಯಾಳದು.

ನಾಲ್ಕು ವರ್ಷದ ಹಿಂದೆ, ತಾಯಿ ತೀರಿಕೊಂಡ ಚಳಿಗಾಲ, ಅವಳು ಹಾಸಿಗೆ ಬಿಟ್ಟು ಏಳದೆ ಹೋಗಿದ್ದಳು. ಮಾತ್ರೆ ನುಂಗಿದರೆ ನಿದ್ದೆ ಬರುತ್ತಿತ್ತು, ಬೆಳಗು ಮಾತ್ರ ಬರುತ್ತಿರಲಿಲ್ಲ. ಗಂಡ ಮಿಲೂದ್ ಒಂದು ದಿನ ಅವಳನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೋಗಿ ಕ್ಲಬ್ಬಿನ ಬಾಗಿಲಲ್ಲಿ ಇಳಿಸಿದ್ದ. "ಹೋಗು, ಯಾರನ್ನಾದ್ರೂ ಎತ್ತಿ ಹಾಕು. ನನ್ನೊಬ್ಬನ್ನ ಬಿಟ್ಟು," ಎಂದಿದ್ದ. ಅಲ್ಲಿ ಅವಳಿಗೆ ಜೋಡಿಯಾಗಿ ಸಿಕ್ಕವಳು ಬದ್ರಾ, ಮೀನು ಮಾರುವವಳು, ಕಂಬದಂಥ ಹೆಂಗಸು. ಮೊದಲ ದಿನ ಏನನ್ನೂ ಕೇಳದೆ ಅಂಗಿಯ ತೋಳು, ಕೊರಳಿಂದ ಇಳಿಯುವ ಎದೆಪಟ್ಟಿ ಹಿಡಿದು ಎಳೆದಿದ್ದಳು. ವಾರಕ್ಕೆರಡು ಬೆಳಿಗ್ಗೆ ಬೀಳುವುದು, ಚಾಪೆಗೆ ಅಂಗೈ ಬಡಿಯುವುದು, ಏಳುವುದು. ಮಾತ್ರೆಯೂ ಇತ್ತು, ಜೂಡೋವೂ ಇತ್ತು. ಯಾವುದರಿಂದ ಬೆಳಗಾಯಿತೋ ಹುವಾರಿಯಾ ವಿಚಾರಿಸಲು ಹೋಗಲಿಲ್ಲ. ಬದ್ರಾ ಮಾತ್ರ ತೋಳು ಹಿಡಿದೊಡನೆ ಹೇಳಿಬಿಡುತ್ತಿದ್ದಳು: "ಇವತ್ತು ನಿನ್ನ ಕೈ ನಿನ್ನೆಯ ಮೀನಿನ ಹಾಗಿದೆ. ಏನಾಯ್ತೇ?"

ಮಿಲೂದ್ ಸತ್ತ ಮೇಲೆ ಎಷ್ಟು ಜನ ಬಂದು ತಬ್ಬಿಕೊಂಡರೋ ಲೆಕ್ಕವಿಲ್ಲ. ಎಲ್ಲರೂ ಬಿರುಕುಬಿಟ್ಟ ಮಡಕೆಯನ್ನು ಮುಟ್ಟುವಂತೆ ಮುಟ್ಟಿದರು. ಸತ್ತವನಿಗಾಗಿ ಅತ್ತದ್ದು ಮುಗಿಯದಿದ್ದರೂ, ಅದರ ಜೊತೆಗೇ ಅವಳ ಮೈ ಇನ್ನೊಂದಕ್ಕೂ ಹಂಬಲಿಸುತ್ತಿತ್ತು: ಯಾರಾದರೂ ಗಟ್ಟಿಯಾಗಿ ಹಿಡಿದು ಎಳೆಯಲಿ. ಆ ಹಂಬಲಕ್ಕೇ ಅವಳು ಹೆದರಿದ್ದಳು. ಹಾಗೆ ಹಿಡಿದರೆ ಅಳು ಒಡೆದೀತು, ಹತ್ತು ಹೆಂಗಸರ ಮುಂದೆ, ನಿಲ್ಲದಂತೆ.

"ಬದ್ರಾ ಹೇಗಿದ್ದಾಳೆ?" ಸೂಜಿಯಿಂದ ಕಣ್ಣೆತ್ತದೆ ಕೇಳಿದಳು.

"ಕಂಬಕ್ಕೆ ಸೈಕಲ್ ಟ್ಯೂಬ್ ಕಟ್ಟಿ ಎಳೀತಾ ಇರ್ತಾಳೆ. ಬೇರೆ ಜೋಡಿ ಕೊಡ್ತೀನಿ ಅಂದ್ರೆ, 'ನನಗೆ ಜೋಡಿ ಇದ್ದಾಳೆ' ಅಂತಾಳೆ. ಕಂಬ ಕಿತ್ತು ಬಂದ್ರೆ ರಿಪೇರಿ ನಿನ್ನ ಕೈಯಲ್ಲೇ ಮಾಡಿಸ್ತೀನಿ, ನೋಡ್ತಿರು."

"ನಾನು ಬರಲ್ಲ ನಸೀರಾ. ಅವಳಿಗೆ ಬೇರೆ ಯಾರನ್ನಾದ್ರೂ ಕೊಡು."

ನಸೀರಾ ಒತ್ತಾಯ ಮಾಡಲಿಲ್ಲ. ಲೋಟ ತೊಳೆದಿಟ್ಟು, ನಾಳೆ ಅಂಗಿಗಳಿಗೆ ಯಾರನ್ನಾದರೂ ಕಳಿಸುವೆನೆಂದು ಹೇಳಿ ಹೋದಳು.

ಚೀಲದ ತಳದಲ್ಲಿದ್ದ ಮೂರನೆಯ ಅಂಗಿ ಬದ್ರಾಳದು. ಸಾಬೂನಿನ ವಾಸನೆಯ ಕೆಳಗೆ ಮೀನಿನ ವಾಸನೆ ಹಾಗೇ ಇತ್ತು. ಹರಿದದ್ದು ಬಲಗಡೆಯ ಎದೆಪಟ್ಟಿ. ಹುವಾರಿಯಾಳ ಕೈ ನಿಂತಿತು. ಕ್ಲಬ್ಬಿನಲ್ಲಿ ಎಲ್ಲರೂ ಬಲಗೈಯವರು, ಅವರು ಹಿಡಿಯುವುದು ಎದುರಾಳಿಯ ಎಡಪಟ್ಟಿಯನ್ನು. ಎಡಗೈಯವಳು ಇವಳೊಬ್ಬಳೇ. ಬಲಪಟ್ಟಿಯ ಆ ಜಾಗ ನಾಲ್ಕು ವರ್ಷ ಇವಳ ಮುಷ್ಟಿಯಲ್ಲಿ ಸವೆದು ಮೆತ್ತಗಾಗಿತ್ತು. ಹಾಗಾದರೆ ಇನ್ನೊಬ್ಬಳು ಎಡಗೈಯವಳು ಬಂದಳೇ? ನಸೀರಾ ಕಂಬದ ಕಥೆ ಸಮಾಧಾನಕ್ಕೆ ಹೇಳಿದಳೇ? ಬೇರೆ ಯಾರನ್ನಾದರೂ ಕೊಡು ಎಂದವಳೇ ಅಂಗಿಯನ್ನು ಸರಕ್ಕನೆ ತೊಡೆಯ ಮೇಲೆ ಎಳೆದುಕೊಂಡಳು.

ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಎಳೆದು ಹರಿದ ಬಟ್ಟೆಯ ಎಳೆಗಳು ಉದ್ದಗಿಡ್ಡವಾಗಿ ನಾರುನಾರಾಗಿ ನಿಲ್ಲುತ್ತವೆ. ಇಲ್ಲಿ ಎಳೆಗಳ ತುದಿಯೆಲ್ಲ ಒಂದೇ ಸಮ. ಎರಡು ಬೆರಳುದ್ದ, ನೇರ. ಇದು ಕತ್ತರಿಯ ಕೆಲಸ. ಅಂಚಿನಲ್ಲಿ ಮೀನಿನ ಪೊರೆಯ ಒಂದು ಚೂರು ಮಿನುಗುತ್ತಿತ್ತು.

'ಬಾ' ಎಂದು ಹೇಳಿಕಳಿಸಲು ಬಾರದ ಬದ್ರಾ, ಮೀನು ಸೀಳುವ ಕತ್ತರಿಯಿಂದ, ಸರಿಯಾಗಿ ಆ ಜಾಗವನ್ನೇ ಹುಡುಕಿ ಕತ್ತರಿಸಿದ್ದಳು.

"ಏನೇ ಅದು, ಕಾಗದ ಓದೋ ಹಾಗೆ ನೋಡ್ತಿದ್ದೀಯ?" ಖೈರಾ ಕೇಳಿದಳು.

"ಹರಿದಿದೆ ಅತ್ತಿಗೆ."

"ಮೀನು ಮಾರೋಳದ್ದಾ? ಆ ತೂಕಕ್ಕೆ ಯಾವ ಬಟ್ಟೆ ತಡೆಯುತ್ತೆ!"

"ಹಳೇ ಬಟ್ಟೆ," ಎಂದಳು ಹುವಾರಿಯಾ.

ದಾರವನ್ನು ಎರಡು ಎಳೆ ಮಾಡಿ, ಒಳಗೆ ತುಂಡು ಬಟ್ಟೆ ಕೊಟ್ಟು ಹೊಲಿದಳು. ಮುಗಿದ ಮೇಲೆ ಎಡಗೈಯಲ್ಲಿ ಮುಷ್ಟಿಕಟ್ಟಿ ಹಿಡಿದು ಎಳೆದು ನೋಡಿದಳು. ತಡೆಯಿತು. ಮೊದಲಿನ ಎರಡು ಅಂಗಿಗಳನ್ನು ಮಡಚಿ, ನಾಳೆ ಬರುವವರಿಗೆಂದು ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟಳು. ಬದ್ರಾಳ ಅಂಗಿಯನ್ನು ಒಳಗೆ ಒಯ್ದು, ಬೀರುವಿನಲ್ಲಿ ತನ್ನ ಜೂಡೋ ಅಂಗಿಯ ಮೇಲಿಟ್ಟಳು. ಅಳು ಒಡೆದರೆ ಒಡೆಯಲಿ, ಹಿಡಿದುಕೊಳ್ಳುವ ಕೈ ಬದ್ರಾಳದು.

"ಶನಿವಾರಕ್ಕೂ ಬಟಾಣಿ ಉಳಿಯುತ್ತೆ ಕಣೇ," ಖೈರಾ ಹೊರಗಿನಿಂದ ಕೂಗಿದಳು. "ಬೆಳಿಗ್ಗೆನೇ ಅಡುಗೆ ಮಾಡಿಬಿಡೋಣ್ವಾ?"

"ಮಧ್ಯಾಹ್ನ ಮಾಡೋಣ ಅತ್ತಿಗೆ," ಎಂದು ಬೀರುವಿನ ಬಾಗಿಲು ಹಾಕಿದಳು.