ಯೋಗ್ಯರಿಗೆ ಮಾತ್ರ ಉಚಿತ

ಮಗಳು ಉಮೈರಾಳ ಮದುವೆ ನಿಶ್ಚಯವಾದ ದಿನ ಕಾಪುವಿನ ಅನ್ಸಾರ್ ಸಂತೋಷಪಟ್ಟದ್ದು ಮಧ್ಯಾಹ್ನದವರೆಗೆ ಮಾತ್ರ. ಗಂಡಿನ ಕಡೆಯವರು ಬಿರಿಯಾನಿ ಉಂಡು ಹೊರಟ ಮೇಲೆ ಹೆಂಡತಿ ಸಬೀನಾ ಕೈ ಒರೆಸಿಕೊಳ್ಳುತ್ತಾ ಬಂದು, ಇನ್ನು ಮೇಲಿನ ಕೋಣೆ ಖಾಲಿಯಾಗಬೇಕು ಎಂದಳು. ಮದುವೆಯ ನಂತರ ಅಳಿಯ ಹೆಂಡತಿಯ ಮನೆಗೆ ಬಂದು ಉಳಿಯುವುದು ಅವರಲ್ಲಿ ಪದ್ಧತಿ. ಅವನಿಗೆಂದೇ ಒಂದು ಕೋಣೆಗೆ ಬಣ್ಣ ಹೊಡೆಸಿ, ಹೊಸ ಮಂಚ, ಕಪಾಟು ಹಾಕಿ ಸಿಂಗರಿಸಬೇಕು. ಮನೆಯಲ್ಲಿ ಅಂಥ ಕೋಣೆ ಇದ್ದದ್ದು ಒಂದೇ. ಅದರಲ್ಲಿ ಅನ್ಸಾರನ ಕಂಪ್ಯೂಟರ್ ಸಾಮಾನು ಅಳಿಯನಿಗಿಂತ ಮೊದಲೇ ಬಂದು ಬೀಡುಬಿಟ್ಟಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಕಾಪು ಪೇಟೆಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ ಎಂದರೆ ಅನ್ಸಾರನದೊಂದೇ. ಸಹಕಾರಿ ಸಂಘದವರು, ಡಾಕ್ಟರರು, ಮೀನು ಕಂಪೆನಿಯವರು ಎಲ್ಲರೂ ಅವನಲ್ಲಿಗೇ ಬರುತ್ತಿದ್ದರು. ಅವನು ಕೆಟ್ಟ ಯಂತ್ರದ ಮುಚ್ಚಳ ತೆಗೆದು ಒಳಗೆ ಇಣುಕಿ, ಏನೂ ಹೇಳದೆ ಚಾ ಕುಡಿಯಲು ಕೂರುತ್ತಿದ್ದ. ಆಗ ಗಿರಾಕಿಗಳ ಮುಖ ಆಪರೇಷನ್ ಥಿಯೇಟರಿನ ಹೊರಗೆ ಕಾಯುವವರ ಮುಖದ ಹಾಗೆ ಆಗುತ್ತಿತ್ತು. ಆ ಮುಖವನ್ನು ನೋಡುವುದೆಂದರೆ ಅನ್ಸಾರನಿಗೆ ಬಲು ಇಷ್ಟ. ಮುಂಬೈಯ ಸಗಟು ವ್ಯಾಪಾರಿಗಳು ಅವನು ಕೇಳಿದ ಪೆಟ್ಟಿಗೆಯ ಜೊತೆಗೆ ತಮ್ಮಲ್ಲಿ ಮಾರಾಟವಾಗದ ಇನ್ನೊಂದನ್ನೂ ದಾಟಿಸುತ್ತಿದ್ದರು. ಎಂದಾದರೂ ಬೇಕಾದೀತು ಎಂದು ಇವನು ಅದನ್ನೂ ಇಟ್ಟುಕೊಳ್ಳುತ್ತಿದ್ದ. ಮುಂದೆ ಲ್ಯಾಪ್‌ಟಾಪ್ ಬಂತು, ಮೊಬೈಲ್ ಬಂತು. ಅಂಗಡಿಯಲ್ಲಿ ಮೊದಲು ರೀಚಾರ್ಜ್, ಆಮೇಲೆ ಮೊಬೈಲ್ ಕವರ್ ಮಾರಿದ್ದಾಯಿತು. ಕೊನೆಗೆ ಜಾಗವನ್ನು ಕೋಳಿ ಅಂಗಡಿಗೆ ಬಾಡಿಗೆಗೆ ಕೊಟ್ಟು ಅನ್ಸಾರ್ ಮನೆಗೆ ಬಂದ. ಅವನ ಹಿಂದೆಯೇ ಟೆಂಪೋದಲ್ಲಿ ಮದರ್‌ಬೋರ್ಡ್‌ಗಳು, ಫ್ಲಾಪಿ ಡ್ರೈವ್‌ಗಳು, ಪಟ್ಟಿಯಂಥ ಕೇಬಲ್‌ಗಳು, ಹೊಟ್ಟೆ ಬಂದ ಮಾನಿಟರ್‌ಗಳು, ಕಿರ್ ಎನ್ನುವ ಪ್ರಿಂಟರ್‌ಗಳು ಬಂದವು. ಹೆಚ್ಚಿನವು ಕವರನ್ನೇ ಬಿಚ್ಚದೆ ಹೊಸದಾಗಿದ್ದಾಗಲೇ ಹಳೆಯದಾದ ಸಾಮಾನು.

ಖಾಲಿ ಮಾಡಲು ಅನ್ಸಾರ್ ಕೂಡಲೇ ಒಪ್ಪಿದ. ಒಪ್ಪುವುದು ಅವನಿಗೆ ಕಷ್ಟವಿರಲಿಲ್ಲ. ಹಿಂದೆ ರಮ್ಜಾನಿಗೆ ಮುಂಚೆ ಮನೆ ಶುಚಿ ಮಾಡುವಾಗಲೆಲ್ಲ ಒಪ್ಪಿದ್ದ. ಆದರೆ ವಸ್ತು ಯೋಗ್ಯರ ಕೈಗೆ ಹೋಗಬೇಕು ಎಂಬ ಒಂದು ಶರತ್ತು ಹಾಕಿದ.

ಸಬೀನಾ ಮೊದಲು ಕರೆಸಿದ್ದು ಗುಜರಿಯ ಸುಂದರನನ್ನು. ಸುಂದರ ಟೆಂಪೋ ತಂದು, ಮೇಲೆ ಹೋಗಿ ನೋಡಿ, ಜಾಗ ಉಳಿಸಲೆಂದು ಒಂದು ಮಾನಿಟರನ್ನು ಅಂಗಳದಲ್ಲಿಟ್ಟು ಸುತ್ತಿಗೆ ಎತ್ತಿದ. ಅನ್ಸಾರ್ ಓಡಿಬಂದು ಅವನ ಕೈ ಹಿಡಿದ. ಆ ಗಾಜಿನೊಳಗೆ ವಿಷ ಉಂಟು, ಅದು ಒಡೆಯುವ ವಸ್ತುವಲ್ಲ, ಅದೂ ಅಲ್ಲದೆ ಅದರ ಪರದೆ ಇನ್ನೂ ಬೆಳಗುತ್ತದೆ ಎಂದು ದೊಡ್ಡ ಭಾಷಣವನ್ನೇ ಮಾಡಿದ. ಸುಂದರ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಬಂದದ್ದು ವ್ಯರ್ಥವಾಗಬಾರದೆಂದು ಹಿತ್ತಿಲ ಬಾಗಿಲಲ್ಲಿದ್ದ ಸಬೀನಾಳ ಹಳೆಯ ಗ್ಯಾಸ್ ಒಲೆಯನ್ನು ಎತ್ತಿಕೊಂಡು ಹೋದ. ಆ ಒಲೆಯನ್ನು ಅವಳು ಮದುವೆಯ ಅಡುಗೆಗೆಂದು ತೊಳೆದಿಟ್ಟಿದ್ದಳು.

ಆ ಸಂಜೆ ಅನ್ಸಾರ್ ತನ್ನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೂ ಒಂದು ಸಂದೇಶ ಹಾಕಿದ: ‘ಹಳೆಯ ಕಂಪ್ಯೂಟರ್ ಬಿಡಿಭಾಗಗಳು. ಯೋಗ್ಯರಿಗೆ ಮಾತ್ರ ಉಚಿತ.’ ಕುಟುಂಬದ ಗುಂಪಿನಲ್ಲಿ ನಾಲ್ಕಾರು ಜನ ಹೂವಿನ ಚಿತ್ರ ಕಳಿಸಿದರು. ವ್ಯಾಪಾರಿಗಳ ಗುಂಪಿನಲ್ಲಿ ಒಬ್ಬರು ಇನ್ವರ್ಟರ್ ಬ್ಯಾಟರಿ ಉಂಟಾ ಎಂದು ಕೇಳಿದರು. ಹಳೆಯ ಸಹಪಾಠಿಗಳ ಗುಂಪಿನಲ್ಲಿ ಯೋಗ್ಯರು ಎಂದರೆ ಯಾರು, ಅದನ್ನು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಚರ್ಚೆ ಎದ್ದು, ಮರುದಿನ ಮೂವರು ಗುಂಪು ಬಿಟ್ಟರು. ಸಾಮಾನು ಮಾತ್ರ ಕದಲಲಿಲ್ಲ.

ಆಮೇಲೆ ಮಣಿಪಾಲದಿಂದ ಫಿಯೋನಾ ಎಂಬ ಹುಡುಗಿ ಫೋನ್ ಮಾಡಿದಳು. ಅವಳು ವಿದ್ಯಾರ್ಥಿಗಳಿಗಾಗಿ ಕೆಫೆ ತೆರೆಯುವವಳಿದ್ದಳು. ಒಳಗೆಲ್ಲ ತೊಂಬತ್ತರ ದಶಕದ ವಾತಾವರಣ ಇರಬೇಕಂತೆ. ಅನ್ಸಾರ್ ಒಳ್ಳೊಳ್ಳೆಯದನ್ನೇ ಆರಿಸಿ ಕಾರಿನಲ್ಲಿ ತುಂಬಿಕೊಂಡು ಹೋದ. ಫಿಯೋನಾ ಒಂದೊಂದನ್ನೂ ಎತ್ತಿ ನೋಡಿ, ಎಷ್ಟು ಮುದ್ದಾಗಿ ಉಂಟು ಎನ್ನುತ್ತಾ ಫೋಟೋ ತೆಗೆದಳು. ಅನ್ಸಾರ್ ಅಂಥದ್ದೇ ಒಂದು ಬೋರ್ಡ್ ಹಾಕಿ ಇಡೀ ಒಂದು ಸಹಕಾರಿ ಸಂಘದ ಲೆಕ್ಕ ನಡೆಸಿದ್ದನ್ನು ವಿವರಿಸತೊಡಗಿದ. ಅವಳು ಗೌರವದಿಂದಲೇ ಕೇಳಿಸಿಕೊಂಡು, ಇವಕ್ಕೆ ಚಿನ್ನದ ಬಣ್ಣ ಬಳಿದು, ತೂತು ಕೊರೆದು, ಕಾಫಿ ಮಗ್ ತೂಗುಹಾಕುವ ಯೋಜನೆಯನ್ನು ತಿಳಿಸಿದಳು.

ತೂತು ಕೊರೆದರೆ ಇದು ಕೆಲಸ ಮಾಡುವುದಿಲ್ಲ ಎಂದ ಅನ್ಸಾರ್.

“ಕೆಲಸ ಮಾಡುವುದು ಬೇಡ ಅಂಕಲ್, ಹಳೆಯದರ ಹಾಗೆ ಕಂಡರೆ ಸಾಕು” ಎಂದಳು ಫಿಯೋನಾ.

ಅವನು ಎಲ್ಲವನ್ನೂ ಮತ್ತೆ ಕಾರಿಗೆ ತುಂಬಿದ. ಅವಳಿಗೇನೂ ಬೇಸರವಾಗಲಿಲ್ಲ. ತೆಗೆದ ಫೋಟೋವನ್ನೇ ದೊಡ್ಡದು ಮಾಡಿ ಗೋಡೆಗೆ ಅಂಟಿಸಿ, ಮುಂದಿನ ವಾರ ಅವನಿಗೆ ಧನ್ಯವಾದ ಕಳಿಸಿದಳು.

ಆ ಹೊತ್ತಿಗೆ ಉಡುಪಿಯ ಒಂದು ಸ್ವಚ್ಛತಾ ಬಳಗ ಇ-ತ್ಯಾಜ್ಯ ಸಂಗ್ರಹ ಅಭಿಯಾನವನ್ನು ಘೋಷಿಸಿತು. ಬಳಗದ ಕಾರ್ಯದರ್ಶಿ ಹೆರಾಲ್ಡ್ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪೂರ್ಣಾವಧಿ ಸಮಾಜಸೇವೆಗೆ ಇಳಿದವರು. ಅನ್ಸಾರನ ಸಾಮಾನಿನ ಸುದ್ದಿ ಕೇಳಿ ಅವರು ಬಹಳ ಹರ್ಷಪಟ್ಟು ತಾವೇ ಟೆಂಪೋ ಕಳಿಸಿದರು. ಇದೇನೂ ತ್ಯಾಜ್ಯವಲ್ಲ ಎಂದು ಅನ್ಸಾರನಿಗೆ ಸ್ವಲ್ಪ ನೋವಾಯಿತು. ಆದರೆ ಎಲ್ಲವೂ ಶಾಸ್ತ್ರೀಯವಾಗಿ ಮರುಬಳಕೆಯಾಗುತ್ತದೆ ಎಂದು ಹೆರಾಲ್ಡ್ ಹೇಳಿದ್ದರಿಂದ ಒಪ್ಪಿದ.

ಸಭಾಭವನದಲ್ಲಿ ಕಾರ್ಯಕ್ರಮ ವಿಜೃಂಭಣೆಯಿಂದ ನಡೆಯಿತು. ಪ್ಲಾಸ್ಟಿಕ್ ಬೇಡ ಎಂದು ಬರೆದ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಭಾಷಣ ಮುಗಿದ ಮೇಲೆ ಮುಖ್ಯ ಅತಿಥಿಗಳು ಒಂದು ಮೌಸನ್ನು ಬಾಲದಲ್ಲಿ ಹಿಡಿದು ಡಬ್ಬಿಗೆ ಹಾಕಿ ಉದ್ಘಾಟಿಸಿದರು. ಫೋಟೋದಲ್ಲಿ ಮುಖ ಬರಲಿಲ್ಲವೆಂದು ಅದನ್ನು ಹೊರತೆಗೆದು ಮತ್ತೆ ಹಾಕಿದರು. ಅತಿ ಹೆಚ್ಚು ಇ-ತ್ಯಾಜ್ಯ ನೀಡಿದ ದಾನಿಯೆಂದು ಅನ್ಸಾರನಿಗೆ ಶಾಲು ಹೊದಿಸಿದರು. ವಂದನಾರ್ಪಣೆಯ ಹೊತ್ತಿಗೆ ಅನ್ಸಾರ್ ತನ್ನ ಸಾಮಾನನ್ನು ಮನಸ್ಸಿನಲ್ಲೇ ಬೀಳ್ಕೊಟ್ಟಿದ್ದ.

ಊಟದ ನಂತರ ಗೊತ್ತಾಯಿತು, ಮರುಬಳಕೆಯ ಕಂಪೆನಿಗೆ ಯಾರೂ ಹೇಳಿಯೇ ಇರಲಿಲ್ಲ. ವೇದಿಕೆ ಸಮಿತಿಯವರು ಸಾಗಾಟ ಸಮಿತಿಯವರು ಹೇಳಿದ್ದಾರೆಂದುಕೊಂಡಿದ್ದರು. ಸಾಗಾಟ ಸಮಿತಿಗೆ ಸದಸ್ಯರೇ ಇರಲಿಲ್ಲ. ಸಂಜೆ ಅದೇ ಸಭಾಭವನದಲ್ಲಿ ಯಾರದೋ ಆರತಕ್ಷತೆ ಇತ್ತು. ಹೆರಾಲ್ಡ್ ಅನ್ಸಾರನನ್ನು ಪಕ್ಕಕ್ಕೆ ಕರೆದರು.

“ನೋಡಿ ಅನ್ಸಾರ್, ಸ್ವಲ್ಪ ದಿನ ನಿಮ್ಮಲ್ಲೇ ಇರಲಿ. ಉಳಿದವರು ತಂದದ್ದನ್ನೂ ನಿಮ್ಮೊಟ್ಟಿಗೆ ಕಳಿಸುತ್ತೇನೆ. ಇದರ ಬೆಲೆ ಗೊತ್ತಿರುವವರು ಈ ಊರಿನಲ್ಲಿ ನೀವೊಬ್ಬರೇ ಅಲ್ವಾ?”

ಹೊಗಳಿಸಿಕೊಂಡು ಇಲ್ಲವೆನ್ನುವುದು ಅನ್ಸಾರನಿಗೆ ತಿಳಿಯದು. ಹೋಗುವಾಗ ಒಂದು ಟೆಂಪೋ ಹೋಗಿತ್ತು, ಬರುವಾಗ ಎರಡು ಬಂದವು. ಎರಡನೆಯದರಲ್ಲಿ ಸುಟ್ಟ ಮಿಕ್ಸಿಗಳು, ಒಡೆದ ಟಿವಿ, ರಿಮೋಟ್‌ಗಳ ಒಂದು ಗೋಣಿ, ಯಾರದೋ ಕೆಟ್ಟ ಟ್ರೆಡ್‌ಮಿಲ್ ಇದ್ದವು. ಗೇಟಿನಲ್ಲಿ ನಿಂತಿದ್ದ ಸಬೀನಾ ಎಲ್ಲವೂ ಇಳಿಯುವವರೆಗೆ ನೋಡಿ, ಶಾಲನ್ನೂ ಮೇಲಿಡುವುದಾ ಎಂದಷ್ಟೇ ಕೇಳಿದಳು.

ಮರುದಿನ ಬೆಳಿಗ್ಗೆ ಅವಳು ಗಂಡನನ್ನು ಕರೆದುಕೊಂಡು ಮೇಲೆ ಹೋದಳು. ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಇಬ್ಬರೂ ಅಡ್ಡಡ್ಡವಾಗಿ ಒಳಗೆ ನುಸುಳಿದರು.

“ಇದರಲ್ಲಿ ಒಂದಾದರೂ ಯಾರಿಗಾದರೂ ಬೇಕಾ?”

“ಬೇಕಾಗುತ್ತದೆ. ಬೇಕಾದವನು ಬಂದೇ ಬರುತ್ತಾನೆ” ಎಂದ ಅನ್ಸಾರ್.

“ಸದ್ಯಕ್ಕೆ ಬರುವುದು ನಿಝಾಮ್. ಅಳಿಯ ಮಂಚದಲ್ಲಿ ಮಲಗುವುದಾ, ಪ್ರಿಂಟರಿನ ಮೇಲಾ? ಅದೊಂದು ಹೇಳಿ.”

ಅವಳ ದನಿ ಏರಿರಲಿಲ್ಲ. ಅದಕ್ಕೇ ಅನ್ಸಾರನಿಗೆ ಹೆದರಿಕೆಯಾಯಿತು. ಅವನು ಆ ದಿನವೆಲ್ಲ ಅಂಗಳದಲ್ಲೇ ಕಳೆದ.

ಆದರೆ ಬೇಕಾದವನು ನಿಜವಾಗಿಯೂ ಬಂದ. ಕಾರ್ಕಳದ ಒಂದು ಗೇರುಬೀಜ ಕಾರ್ಖಾನೆಯ ಮ್ಯಾನೇಜರ್ ಜೋಯ್‌ಸ್ಟನ್ ಫೋನ್ ಮಾಡಿದ. ಬೀಜವನ್ನು ಗಾತ್ರ ನೋಡಿ ವಿಂಗಡಿಸುವ ಅವರ ಯಂತ್ರವನ್ನು ಒಂದು ಹಳೆಯ ಕಂಪ್ಯೂಟರ್ ನಡೆಸುತ್ತಿತ್ತು. ಅದರೊಳಗಿನ ಒಂದು ಕಾರ್ಡ್ ಸತ್ತಿತ್ತು. ಅಂಥ ಕಾರ್ಡನ್ನು ಈಗ ಯಾರೂ ತಯಾರಿಸುವುದಿಲ್ಲ. ಗುಂಪಿನಿಂದ ಗುಂಪಿಗೆ ಹಾರಿದ ಅನ್ಸಾರನ ಸಂದೇಶ ಎಲ್ಲೆಲ್ಲೋ ತಿರುಗಿ ಜೋಯ್‌ಸ್ಟನ್‌ನ ಅತ್ತೆಗೆ ತಲುಪಿ, ಅಲ್ಲಿಂದ ಅವನಿಗೆ ಬಂದಿತ್ತು.

ಅನ್ಸಾರ್ ಫೋನನ್ನು ಸಬೀನಾಳಿಗೆ ತೋರಿಸಿದ, ಉಮೈರಾಳಿಗೆ ತೋರಿಸಿದ. ಗಡ್ಡ ಟ್ರಿಮ್ ಮಾಡಿಸಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಅಂಥ ಮೂರು ಕಾರ್ಡ್‌ಗಳನ್ನು ಆರಿಸಿಕೊಂಡು ಶಿರ್ವ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಹೋದ.

ಕಾರ್ಖಾನೆಯಲ್ಲಿ ಬೆಲ್ಟ್ ನಿಂತಿತ್ತು. ಹೆಂಗಸರು ಗುಂಪಾಗಿ ಕುಳಿತು ಮಾತಾಡುತ್ತಿದ್ದರು. ಅನ್ಸಾರ್ ಕಂಪ್ಯೂಟರಿನ ಮುಚ್ಚಳ ತೆಗೆದು, ಒಳಗೆ ಇಣುಕಿ, ಚಾ ಸಿಗಬಹುದಾ ಎಂದು ಕೇಳಿದ. ಜೋಯ್‌ಸ್ಟನ್‌ನ ಮುಖ ಆಪರೇಷನ್ ಥಿಯೇಟರಿನ ಹೊರಗಿನ ಮುಖವಾಯಿತು. ಅನ್ಸಾರ್ ಆ ಚಾವನ್ನು ಬಹಳ ನಿಧಾನವಾಗಿ ಕುಡಿದ.

ಮುಚ್ಚಳದ ಒಳಬದಿಯಲ್ಲಿ ಬಣ್ಣ ಮಾಸಿದ ಒಂದು ಚೀಟಿ ಅಂಟಿತ್ತು. ಧೂಳು ಒರೆಸಿದಾಗ ‘ಅನ್ಸಾರ್ ಕಂಪ್ಯೂಟರ್ಸ್, ಕಾಪು’ ಎಂದಿತ್ತು. ಯಾರಿಗೆ ಮಾರಿದ್ದೋ, ಅವರಿಂದ ಇಲ್ಲಿಗೆ ಹೇಗೆ ಬಂತೋ ಅವನಿಗೆ ನೆನಪಾಗಲಿಲ್ಲ. ಆದರೆ ಸ್ಕ್ರೂ ಬಿಗಿದದ್ದು ಅವನೇ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ಗೇರುಸಿಪ್ಪೆಯ ಹೊಗೆಯಲ್ಲಿ, ಎಣ್ಣೆ ಹಿಡಿದ ಧೂಳಿನಲ್ಲಿ ಹಗಲಿಡೀ ದುಡಿದಿತ್ತು. ಫ್ಯಾನಿನ ರೆಕ್ಕೆಗಳು ಬೆಲ್ಲದ ಪಾಕದಲ್ಲಿ ಅದ್ದಿದ ಹಾಗೆ ಕಪ್ಪಾಗಿದ್ದವು.

ಎರಡನೆಯ ಕಾರ್ಡ್ ಹಿಡಿಯಿತು. ಪರದೆಯಲ್ಲಿ ಹಸಿರು ಅಕ್ಷರ ಮೂಡಿ ಬೆಲ್ಟ್ ಓಡತೊಡಗಿತು. ಹೆಂಗಸರು ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದರು. ಅವರ ಮೇಲ್ವಿಚಾರಕಿ ಪ್ರೆಸಿಲ್ಲಾ ಬಾಯಮ್ಮ ಅನ್ಸಾರನ ಮುಂದೆ ನಿಂತು, “ಸರಿಯಾಯ್ತಾ? ನಾಳೆ ಬಂದಿದ್ದರೂ ಅವಸರ ಇರಲಿಲ್ಲ ಮಾರಾಯರೇ” ಎಂದು ಹೇಳಿ ಹೋದಳು.

ಜೋಯ್‌ಸ್ಟನ್ ಮಾತ್ರ ಕೈ ಹಿಡಿದು ಕುಲುಕಿದ. ಇನ್ನು ಚಿಂತೆಯಿಲ್ಲ, ಮುಂದಿನ ತಿಂಗಳು ಹೊಸ ಯಂತ್ರ ಬರುತ್ತದೆ, ಅಲ್ಲಿಯವರೆಗೆ ಇದು ಓಡಿದರೆ ಸಾಕು ಎಂದ. ಬಳಿಕ ಗೋದಾಮಿನಿಂದ ಒಂದು ದೊಡ್ಡ ಮಾನಿಟರನ್ನು ಹೊರಿಸಿ ತಂದು ಅನ್ಸಾರನ ಕಾರಿನ ಮುಂದಿನ ಸೀಟಿನಲ್ಲಿ ಇಡಿಸಿದ.

“ನೀವು ಇಂಥದ್ದನ್ನೆಲ್ಲ ಪ್ರೀತಿಯಿಂದ ಇಟ್ಟುಕೊಳ್ಳುವವರು ಅಲ್ವಾ ಸರ್? ಹೊಸದು ಬಂದ ಮೇಲೆ ಈ ಕಂಪ್ಯೂಟರನ್ನೂ ನಿಮಗೇ ಕಳಿಸುತ್ತೇನೆ.”

ಅನ್ಸಾರ್ ಮಾನಿಟರಿಗೆ ಸೀಟ್ ಬೆಲ್ಟ್ ಹಾಕಿ ಹೊರಟ. ತಿರುವು ಬಂದಾಗಲೆಲ್ಲ ಅದು ಸ್ವಲ್ಪ ಅವನ ಕಡೆ ವಾಲುತ್ತಿತ್ತು. ಅವನು ಸಬೀನಾಳಿಗೆ ಹೇಳಿದ್ದು ನಿಜವಾಗಿತ್ತು, ಬೇಕಾದವನು ಬಂದಿದ್ದ. ಬಂದವನು ಅಂಗೈಯಗಲದ ಒಂದು ಕಾರ್ಡ್ ತೆಗೆದುಕೊಂಡು ಒಂದು ಮಾನಿಟರ್ ಕೊಟ್ಟಿದ್ದ. ಈ ಲೆಕ್ಕದಲ್ಲಿ ಬೇಕಾದವರು ಇನ್ನೂ ನಾಲ್ಕು ಜನ ಬಂದರೆ ಮನೆಯವರೆಲ್ಲ ಅಂಗಳದಲ್ಲಿ ಮಲಗಬೇಕು. ಬೆಳ್ಮಣ್‌ನಲ್ಲಿ ಎಳನೀರು ಕುಡಿಯಲು ಇಳಿದಾಗ ಕಾರ್ಖಾನೆಯ ಆ ಕಪ್ಪು ಫ್ಯಾನ್ ಅವನ ಕಣ್ಣಿಗೆ ಕಟ್ಟಿತು. ಅದು ದುಡಿದು ಸವೆದದ್ದು. ತನ್ನ ಕೋಣೆಯಲ್ಲಿದ್ದವುಗಳಲ್ಲಿ ಹೆಚ್ಚಿನವು ಒಂದು ದಿನವೂ ದುಡಿದವಲ್ಲ. ಮುಂದೆ ಬೇಕಾದೀತು ಎಂದು ತಾನು ಇಟ್ಟುಕೊಂಡದ್ದೆಲ್ಲ ಅಂದು ಮಾರಾಟವಾಗದೆ ಉಳಿದದ್ದು, ಅಷ್ಟೇ. ಹೀಗೆ ಯೋಚಿಸಿ ಅವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಹಗುರಾಯಿತು. ಅಲ್ಲಿಂದಲೇ ಸುಂದರನಿಗೆ ಫೋನ್ ಮಾಡಿದ.

ಸುತ್ತಿಗೆ ಮನೆಯಲ್ಲೇ ಬಿಟ್ಟು ಬರಬೇಕು, ಒಂದನ್ನೂ ಒಡೆಯದೆ ಮಂಗಳೂರಿನ ಬೈಕಂಪಾಡಿಯಲ್ಲಿ ಇಂಥದ್ದನ್ನು ಲೈಸೆನ್ಸ್ ಪಡೆದು ಬಿಚ್ಚಿ ಮರುಬಳಕೆ ಮಾಡುವ ಕಂಪೆನಿಗೆ ಮುಟ್ಟಿಸಬೇಕು ಎಂದು ಅನ್ಸಾರ್ ಹೇಳಿದ. ಸುಂದರನಿಗೆ ನಂಬಿಕೆ ಬರಲಿಲ್ಲ.

“ಅನ್ಸಾರಾಕ, ಡೀಸೆಲ್ ಹಾಕಿದರೆ ಚಂದ್ರಲೋಕಕ್ಕೆ ಬೇಕಾದರೂ ಮುಟ್ಟಿಸುತ್ತೇನೆ. ಆದರೆ ಅರ್ಧ ದಾರಿಯಲ್ಲಿ ಫೋನ್ ಮಾಡಿ ವಾಪಸು ತಾ ಎನ್ನಬಾರದು.”

ಸಾಮಾನು ಇಳಿಸುವಾಗ ಅನ್ಸಾರ್ ಯಾರನ್ನೂ ಕರೆಯಲಿಲ್ಲ. ಸಬೀನಾಳೇ ಸೆರಗು ಸಿಕ್ಕಿಸಿಕೊಂಡು ಬಂದಳು. ಅವನು ಮೇಲಿನ ಮೆಟ್ಟಿಲಿನಿಂದ ಕೊಟ್ಟದ್ದನ್ನು ಅವಳು ಕೆಳಗಿನ ಮೆಟ್ಟಿಲಿನಲ್ಲಿ ತೆಗೆದುಕೊಂಡಳು. ಅವನು ಕೆಲವನ್ನು ಕೊಡುವ ಮೊದಲು ಅದು ಏನೆಂದು ಹೇಳಿದ, ಅವಳು ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಅವನಿಗೂ ಹೇಳಿ ಸಾಕಾಯಿತು. ಕಾರ್ಕಳದ ಯಂತ್ರ ಇನ್ನೂ ಒಂದು ತಿಂಗಳು ಓಡಬೇಕಾದ್ದರಿಂದ ಉಳಿದ ಒಂದು ಕಾರ್ಡನ್ನೂ ಸ್ಕ್ರೂಡ್ರೈವರ್ ಪೆಟ್ಟಿಗೆಯನ್ನೂ ಇಟ್ಟುಕೊಳ್ಳಲು ಸಬೀನಾಳೇ ಹೇಳಿದಳು. ಕೊನೆಯ ಟೆಂಪೋ ಗೇಟು ದಾಟಿದಾಗ ಅನ್ಸಾರ್ ಫೋನನ್ನು ಅವಳ ಕೈಗೆ ಕೊಟ್ಟು ಸ್ನಾನಕ್ಕೆ ಹೋದ.

ಮದುವೆಯ ಆಮಂತ್ರಣ ಕೊಡಲು ಹೋದಾಗ ಹೆರಾಲ್ಡ್ ಪ್ರೀತಿಯಿಂದ ಕೂರಿಸಿ, ಮುಂದಿನ ಅಭಿಯಾನಕ್ಕೆ ಇನ್ನೂ ದೊಡ್ಡ ಅತಿಥಿಗಳು ಬರುತ್ತಾರೆ, ಹಾಗಾಗಿ ಆ ಸಾಮಾನನ್ನು ಮತ್ತೊಮ್ಮೆ ಕಳಿಸಬೇಕು ಎಂದರು. ಎಲ್ಲವೂ ಬೈಕಂಪಾಡಿಗೆ ಹೋಯಿತು ಎಂದು ಅನ್ಸಾರ್ ಹೇಳಿದ. ಹೆರಾಲ್ಡರ ಮುಖ ಸಪ್ಪಗಾಯಿತು.

“ಛೆ, ನಮಗೆ ಒಂದು ಮಾತು ಹೇಳಬಾರದಿತ್ತಾ? ಇನ್ನು ವೇದಿಕೆಯಲ್ಲಿ ಎಂತ ಇಡುವುದು?”

ಮದುವೆ ಚೆನ್ನಾಗಿ ಆಯಿತು. ನಿಝಾಮ್ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್, ಸಭ್ಯ ಹುಡುಗ. ಸಿಂಗರಿಸಿದ ಕೋಣೆಯಲ್ಲಿ ಎರಡು ರಾತ್ರಿ ಇದ್ದು, ಏಸಿ ಒಳ್ಳೆಯದುಂಟು ಎಂದು ಹೊಗಳಿ, ಡ್ಯೂಟಿ ಇದೆಯೆಂದು ಉಮೈರಾಳನ್ನು ಕರೆದುಕೊಂಡು ಮಣಿಪಾಲದ ಫ್ಲ್ಯಾಟಿಗೆ ಹೋದ. ಅವರು ಹೋದ ವಾರದಲ್ಲೇ ಸಬೀನಾ ಹೊಲಿಗೆ ಯಂತ್ರವನ್ನು ಮೇಲೆ ಸಾಗಿಸಿದಳು. ಅದು ಅಳಿಯನ ಕೋಣೆ ಎಂದು ಅನ್ಸಾರ್ ಆಕ್ಷೇಪಿಸಿದ. ಅವನು ಬರುವಾಗ ತೆಗೆಯುತ್ತೇನೆ, ತೆಗೆಯಲು ಒಂದೇ ಒಂದು ಯಂತ್ರ ತಾನೇ ಎಂದಳು ಅವಳು.

ಒಂದು ಮಧ್ಯಾಹ್ನ ಅವನು ಚಾ ತೆಗೆದುಕೊಂಡು ಮೇಲೆ ಹೋದಾಗ ಅವಳು ಕಿಟಕಿಯ ಬಳಿ ಕುಳಿತು ಪಕ್ಕದ ಮನೆಯ ಮಗುವಿಗೆ ಅಂಗಿ ಹೊಲಿಯುತ್ತಿದ್ದಳು. ಸಾಮಾನು ತುಂಬಿದ್ದ ಕಾಲದಲ್ಲಿ ಆ ಗೋಡೆಯಲ್ಲಿ ಕಿಟಕಿ ಇದ್ದದ್ದೇ ಅನ್ಸಾರನಿಗೆ ಮರೆತುಹೋಗಿತ್ತು. ತೆಂಗಿನ ಮರಗಳ ಆಚೆ ಲೈಟ್‌ಹೌಸಿನ ತುದಿ ಕಾಣುತ್ತಿತ್ತು. ಅವನು ಪ್ಲಾಸ್ಟಿಕ್ ಕವರನ್ನು ಇನ್ನೂ ಬಿಚ್ಚದ ಹೊಸ ಹಾಸಿಗೆಯ ಅಂಚಿನಲ್ಲಿ ಕೂತ. ಅವಳು ಗುಂಡಿ ಹೊಲಿಯುವ ಕೈಸೂಜಿಯನ್ನು ಬೆಳಕಿಗೆ ಹಿಡಿದು, ಸ್ವಲ್ಪ ಹೊತ್ತು ಪ್ರಯತ್ನಿಸಿ, ಕೊನೆಗೆ ಅವನ ಕಡೆ ಚಾಚಿದಳು. ಅವನು ಚಾ ಲೋಟವನ್ನು ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು ನೂಲು ಪೋಣಿಸತೊಡಗಿದ.