ಬಾಚಣಿಗೆಯ ಬಾಲದಲ್ಲಿರುವ ಅಕ್ಷರ

ಗಿಣಿಯ ಅಪ್ಪನದು ಕ್ಷೌರದ ಅಂಗಡಿ. ಎರಡು ಕುರ್ಚಿ, ಉದ್ದನೆಯ ಕನ್ನಡಿ, ಮೂಲೆಯಲ್ಲಿ ಬಿಸಿನೀರಿನ ಪಾತ್ರೆ. ಊರಿನವರ ಕೂದಲನ್ನೆಲ್ಲ ಕತ್ತರಿಸುವ ಅಪ್ಪನ ತಲೆ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು. ಆರನೇ ತರಗತಿಯ ಮಗಳು ಶಾಲೆ ಬಿಟ್ಟ ಕೂಡಲೇ ಬಂದು ಖಾಲಿ ಕುರ್ಚಿ ಹಿಡಿದು, ಗಿರಾಕಿಗಳ ಜೊತೆ ವಟವಟ ಶುರು ಮಾಡುತ್ತಿದ್ದಳು. ಅಪ್ಪ ತಲೆ ಬೋಳಿಸುತ್ತಾನೆ, ಮಗಳು ತಲೆ ತಿನ್ನುತ್ತಾಳೆ ಎಂದು ಜನ ನಗುತ್ತಿದ್ದರು. ಗಿಣಿ ಎಂಬ ಹೆಸರು ಬಂದದ್ದೇ ಹಾಗೆ.

ಆ ಗಿಣಿ ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಕಾರಣ ಅಪ್ಪನಿಗೆ ಗೊತ್ತಿತ್ತು, ಅವನ ಸಂಕಟವೂ ಅದೇ. ಇಂಗ್ಲಿಷ್ ಉಕ್ತಲೇಖನದಲ್ಲಿ ಮಗಳ ಸ್ಪೆಲಿಂಗ್ ಸದಾ ತಪ್ಪುತ್ತಿತ್ತು. ಅಪ್ಪನಿಗೆ ಇಂಗ್ಲಿಷ್ ಬಾರದು. ಅವನು ಬಲ್ಲ ಮದ್ದು ಒಂದೇ, ಹಾಳೆ ತುಂಬ ಬರೆಸುವುದು. ನಮ್ಮ ಕಸುಬಿನ ಪದವೇ ಆಗಲಿ ಎಂದು ಬಾಚಣಿಗೆಯ ಇಂಗ್ಲಿಷ್ ಹೆಸರು, ಕೋಮ್, ಬರೆಯಲು ಹೇಳಿದ. ಗಿಣಿ ಕಿವಿಗೆ ಬಿದ್ದಂತೆ ಸಿ, ಓ, ಎಂ ಎಂದು ಬರೆದಳು. ಮೊದಲ ಸಾಲಿನ ತಪ್ಪು ಕೊನೆಯ ಸಾಲಿನವರೆಗೂ ಇಳಿಯಿತು. ಅಕ್ಷರಗಳೇನೋ ಮುದ್ದಾಗಿದ್ದವು. ಅಪ್ಪ ಹಿಗ್ಗಿ, ಹಾಳೆಯನ್ನು ಕನ್ನಡಿಗೆ ಅಂಟಿಸಿಬಿಟ್ಟ.

ಮರುದಿನ ಗಿರಾಕಿಯೊಬ್ಬ ಅದನ್ನು ಓದಿ ಬಿದ್ದು ಬಿದ್ದು ನಕ್ಕ. ಕೊನೆಯಲ್ಲಿ ಬಿ ಬರಬೇಕು, ನಿಮ್ಮ ಬಾಚಣಿಗೆಗೆ ಬಾಲವೇ ಇಲ್ಲವಲ್ಲ ಎಂದ. ಗಿಣಿ ಅಲ್ಲೇ ಇದ್ದಳು. ಹಾಳೆ ಕಿತ್ತುಕೊಂಡು ಅಂಗಡಿಯ ಹಿಂದಿದ್ದ ಮನೆಯೊಳಗೆ ಹೋದಳು.

"ನಾನು ದಡ್ಡಿ ಕಣಪ್ಪ. ಇಂಗ್ಲಿಷ್ ನನ್ನ ತಲೆಗೆ ಹತ್ತಲ್ಲ. ಇನ್ನು ಶಾಲೆಗೆ ಹೋಗಲ್ಲ."

ಹಾಗೆಂದವಳು ಹೊಟ್ಟೆನೋವಿನ ನೆಪ ಹೇಳಿ ಮಲಗಿಬಿಟ್ಟಳು.

ಭಾನುವಾರ ಅವಳ ಇಂಗ್ಲಿಷ್ ಮೇಷ್ಟ್ರು ಗಡ್ಡ ತೆಗೆಸಲು ಬಂದರು. ಅಪ್ಪ ನೊರೆ ಹಚ್ಚುತ್ತಾ ನಡೆದದ್ದನ್ನೆಲ್ಲ ತೋಡಿಕೊಂಡ. ಕತ್ತಿನ ಹತ್ತಿರ ಕತ್ತಿ ಹಿಡಿದುಕೊಂಡೇ, ಕೇಳಿಸದ ಅಕ್ಷರವನ್ನು ಬರೆಯಬೇಕೆನ್ನುವುದು ಯಾವ ನ್ಯಾಯ ಎಂದು ಕೇಳಿದ. ಪಾಪ, ಮೇಷ್ಟ್ರು ಅಲುಗಾಡುವಂತಿರಲಿಲ್ಲ. ಕತ್ತಿ ದೂರ ಸರಿದ ಮೇಲೆಯೇ ಅವರು ಬಾಯಿ ಬಿಟ್ಟದ್ದು.

ನಮ್ಮ ಮಾತನ್ನು ಆಡಿದಂತೆಯೇ ಬರೆಯುತ್ತೇವೆ, ಇಂಗ್ಲಿಷ್ ಹಾಗಲ್ಲ ಎಂದರು. ಅಲ್ಲಿ ಕೆಲವು ಅಕ್ಷರಗಳು ಬಾಯಿ ಮುಚ್ಚಿಕೊಂಡು ಕೂತಿರುತ್ತವೆ. ಕೇಳಿದಂತೆ ಬರೆದ ಮಗು ದಡ್ಡ ಮಗುವಲ್ಲ, ಅದರ ಕಿವಿ ಚುರುಕಾಗಿದೆ, ಇನ್ನು ಕಣ್ಣನ್ನು ಪಳಗಿಸಬೇಕು ಅಷ್ಟೇ.

"ಹಾಳೆ ತುಂಬ ಬರೆಸಿದ್ರೆ ತಪ್ಪೇ ಗಟ್ಟಿಯಾಗುತ್ತೆ. ಪದ ನೋಡಲಿ, ಮುಚ್ಚಲಿ, ನೆನಪಿಂದ ಬರೀಲಿ, ತೆಗೆದು ತಾನೇ ತಿದ್ಕೊಳ್ಳಲಿ. ದಿನಕ್ಕೆ ನಾಲ್ಕೈದು ಪದ ಸಾಕು."

"ನಂಗೇ ಬರಲ್ಲ ಮೇಷ್ಟ್ರೇ, ನಾನೇನು ಹೇಳಿಕೊಡ್ಲಿ?"

"ನೀವು ಹೇಳಿಕೊಡಬೇಡಿ. ಅವಳ ಹತ್ರ ಕಲೀರಿ."

ಈ ವಯಸ್ಸಿನಲ್ಲಿ ನಗೆಪಾಟಲಾಗಬೇಕೇ ಎಂದು ಅಪ್ಪ ಗೊಣಗಿದ. ಆದರೆ ಮಗಳ ದನಿ ಇಲ್ಲದೆ ಅಂಗಡಿ ಬಿಕೋ ಎನ್ನುತ್ತಿದ್ದುದನ್ನು ಅವನಿಗೆ ತಡೆಯಲಾಗುತ್ತಿರಲಿಲ್ಲ.

ಸಂಜೆ ಮಗಳನ್ನು ಅಂಗಡಿಗೆ ಕರೆದು, ಬಾಚಣಿಗೆ ಹಿಡಿದು ಅವಳ ಮುಂದೆ ಕೂತ. ನನಗೂ ಕಲಿಸು ಎಂದ. ಗಿಣಿ ಮೊದಲು ಮುಖ ತಿರುಗಿಸಿದಳು. ಆಮೇಲೆ ಪುಸ್ತಕ ನೋಡಿ, ಬಿ ಸಮೇತ ಪದವನ್ನು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿದಳು. ಇಬ್ಬರೂ ಕಣ್ಣಿಟ್ಟು ನೋಡಿದರು. ಗಿರಾಕಿಗಳಿಗೆ ಹೊದಿಸುವ ಬಟ್ಟೆಯನ್ನು ಅಪ್ಪ ಅದರ ಮೇಲೆ ಇಳಿಬಿಟ್ಟ. ಇಬ್ಬರೂ ನೆನಪಿನಿಂದ ಬರೆದು, ಬಟ್ಟೆ ಸರಿಸಿದರು. ಗಿಣಿಯದು ಸರಿಯಾಗಿತ್ತು. ಅಪ್ಪ ಬಿ ಮರೆತಿದ್ದ.

ಅವನು ನಾಚಿ ಕಾಗದ ಮುದುಡಲು ಹೋದ. ಗಿಣಿ ನಗಲಿಲ್ಲ.

"ಪರವಾಗಿಲ್ಲಪ್ಪ, ಇನ್ನೊಂದ್ಸಲ ನೋಡು," ಎಂದಳು.

ಈ ಮಾತನ್ನು ತಾನು ಅವಳಿಗೆ ಒಮ್ಮೆಯೂ ಹೇಳಲಿಲ್ಲವಲ್ಲ ಎಂದು ಅಪ್ಪನ ಕಣ್ಣು ತುಂಬಿತು.

ಸೋಮವಾರ ಗಿಣಿ ತಾನಾಗಿಯೇ ಚೀಲ ಹೆಗಲಿಗೇರಿಸಿದಳು. ಆಮೇಲೆ ದಿನವೂ ಒಂದಿಷ್ಟು ಹೊಸ ಪದ, ಜೊತೆಗೆ ಹಳೆಯವನ್ನೂ ಕೆದಕಿ ನೋಡುವುದು. ಕತ್ತರಿಯ ಇಂಗ್ಲಿಷ್ ಹೆಸರು ಕಷ್ಟವೆನಿಸಿದಾಗ ಚೀಟಿಯನ್ನೇ ಕತ್ತರಿಸಿ, ತುಂಡು ತುಂಡಾಗಿ ಓದಿ, ಮತ್ತೆ ಜೋಡಿಸಿದರು. ಕಲಿತ ಪದದಿಂದ ಒಂದು ವಾಕ್ಯ ಹೇಳಲೇಬೇಕು ಎಂಬ ಕಾನೂನು ಗಿಣಿಯದು. ಅಂದು ನಕ್ಕಿದ್ದ ಗಿರಾಕಿ ಮತ್ತೆ ಬಂದಾಗ ಅವಳೇ ವಾಕ್ಯ ಹೇಳಿದಳು.

"ಮೈ ಫಾದರ್ ಹ್ಯಾಸ್ ಎ ಕೋಮ್, ಬಟ್ ನೋ ಹೇರ್."

ಅಪ್ಪನ ಬಳಿ ಬಾಚಣಿಗೆ ಇದೆ, ಕೂದಲಿಲ್ಲ! ಈ ಸಲ ಅಂಗಡಿಯೇ ನಕ್ಕಿತು, ಎಲ್ಲರಿಗಿಂತ ಜೋರಾಗಿ ಬೋಳುತಲೆಯ ಅಪ್ಪ. ಉಕ್ತಲೇಖನದಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ತಪ್ಪಾಗುತ್ತದೆ. ಗಿಣಿ ಅದನ್ನು ಮನೆಗೆ ತಂದು ತೋರಿಸುತ್ತಾಳೆ, ಬಚ್ಚಿಡುವುದಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಇವತ್ತೇ ಮನೆಯ ಒಂದು ವಸ್ತು ಕೈಗೆತ್ತಿಕೊಂಡು ಮಗುವಿನ ಪಕ್ಕ ಕೂತುಕೊಳ್ಳಿ. ಅದರ ಇಂಗ್ಲಿಷ್ ಹೆಸರನ್ನು ಪುಸ್ತಕದಲ್ಲಿ ನೋಡಿ, ಮುಚ್ಚಿ, ನೆನಪಿನಿಂದ ಬರೆದು, ತೆಗೆದು ಹೋಲಿಸಿ. ತಪ್ಪಾದರೆ ಏನು ಹೇಳಬೇಕೆಂದು ಗಿಣಿ ಹೇಳಿಕೊಟ್ಟಿದ್ದಾಳೆ: ಪರವಾಗಿಲ್ಲ, ಇನ್ನೊಂದ್ಸಲ ನೋಡು.