ಗೋಡೆಗೂ ಕಂಬಿಗೂ ನಡುವೆ

ಚಿಂಬೋತೆ ಬಂದರಿನ ಮೀನುಹಿಟ್ಟಿನ ಕಾರ್ಖಾನೆಯಲ್ಲಿ ಇಂಜಿನಿಯರ್ ಕೋಣೆಯಿಂದ ಕೆಳಗಿಳಿಯುವ ಮೆಟ್ಟಿಲಿಗೆ ಹಿಡಿದುಕೊಳ್ಳಲು ಒಂದೇ ಕಂಬಿ. ಅದೂ ಗೋಡೆಗೆ ಅಂಟಿಕೊಂಡಂತಿತ್ತು. ಬೆರಳು ತೂರಿಸಿದರೆ ಗೆಣ್ಣು ತರಚುತ್ತಿತ್ತು. ಮುಷ್ಟಿ ಸುತ್ತಲು ಐದು ಸೆಂಟಿಮೀಟರ್ ಜಾಗ ಬಿಡಬೇಕೆಂದು ಕಾರ್ಖಾನೆಯದೇ ಸುರಕ್ಷಾ ಪುಸ್ತಕದಲ್ಲಿ ಅಚ್ಚಾಗಿತ್ತು.

ಮೀನೆಣ್ಣೆ ಚೆಲ್ಲಿದ್ದ ಆ ಮೆಟ್ಟಿಲಲ್ಲಿ ಕಾರ್ಮಿಕ ಸೋಸಿಮೊ ಜಾರಿ ಬಿದ್ದು ಬಲ ಮಣಿಕಟ್ಟು ಪುಡಿ ಮಾಡಿಕೊಂಡ. ಕಂಬಿ ಹಿಡಿಯದೆ ಇಳಿದದ್ದು ಅವನ ತಪ್ಪು ಎಂದಿತು ಕಂಪನಿ. ತಪ್ಪು ಅವನದೆಂದಾದರೆ ಕೆಲಸವೂ ಹೋದಂತೆ. ಗುರುವಾರಕ್ಕೆ ಸರ್ಕಾರಿ ತಪಾಸಣೆ ನಿಗದಿಯಾಯಿತು.

ಕಾರ್ಮಿಕರು ಆರಿಸಿದ ಸುರಕ್ಷಾ ಪ್ರತಿನಿಧಿ ಎರ್ಮೆಲಿಂದಾ. ಸೋಸಿಮೊನ ಮಗಳಿಗೆ ಧರ್ಮತಾಯಿಯಾದ್ದರಿಂದ ಅವನ ಬಾಯಲ್ಲಿ 'ಕೊಮಾದ್ರೆ'. ಬೂಟು, ಫ್ಯಾನು, ದೀಪ ಎಂದು ಐದು ವರ್ಷದಲ್ಲಿ ಅವಳು ಕೊಟ್ಟ ಹನ್ನೊಂದು ಅರ್ಜಿಗಳು ಲೀಮಾದ ಮುಖ್ಯ ಕಚೇರಿಗೆ ಹೋಗಿ ಅಲ್ಲೇ ನೆಲೆಸಿದ್ದವು. ಸೋಮವಾರ ಕಂಬಿಯ ಬಗ್ಗೆ ಹನ್ನೆರಡನೆಯದನ್ನು ಬರೆಯಲು ಕೂತಾಗ ಇಂಜಿನಿಯರ್ ಇಬಾನ್ಯೆಸ್ ತಡೆದ.

"ಕಾಗದ ಯಾಕೆ ಸೆನ್ಯೋರಾ? ಲೀಮಾಗೆ ಹೋಗಿ ಬರೋಕೆ ತಿಂಗಳು ಬೇಕು. ಬಾಯಲ್ಲಿ ಹೇಳಿದ್ರಲ್ಲ, ಸಾಕು."

ಮಂಗಳವಾರ ಹೊರಗಿನಿಂದ ವೆಲ್ಡರ್ ಬಂದ. ಸಂಜೆಗೆ ಕಂಬಿ ಗೋಡೆಯಿಂದ ದೂರ ಸರಿದು, ಹಳದಿ ಬಣ್ಣ ಬಳಿದುಕೊಂಡು ನಿಂತಿತ್ತು. ಎರ್ಮೆಲಿಂದಾ ಮುಷ್ಟಿ ಸುತ್ತಿ ನೋಡಿದಳು, ಬೆರಳು ಸಲೀಸಾಗಿ ಕೂತವು. ಐದು ವರ್ಷದಲ್ಲಿ ಮೊದಲ ಗೆಲುವು. ಇಂಜಿನಿಯರ್ ಚಾಚಿದ ನಡಾವಳಿ ಪುಸ್ತಕದಲ್ಲಿ 'ಮೆಟ್ಟಿಲ ಕಂಬಿ ನಿಯಮದಂತಿದೆ' ಎಂದಿತ್ತು. ಸುಳ್ಳೇನಲ್ಲ. ಸಹಿ ಹಾಕಿದಳು.

ಸುದ್ದಿ ಮುಟ್ಟಿದಾಗ ಸೋಸಿಮೊ ಕೇಳಿದ, "ಗುರುವಾರದವರೆಗೆ ತಡೀಬಾರದಿತ್ತಾ, ಕೊಮಾದ್ರೆ?"

"ಅಷ್ಟರಲ್ಲಿ ಇನ್ನೊಬ್ಬ ಬಿದ್ದಿದ್ರೆ?"

"ನಂಗೊಂದು ಸಾಕ್ಷಿ ಸಿಗ್ತಿತ್ತು."

ಗುರುವಾರ ಬಂದ ತಪಾಸಣಾಧಿಕಾರಿ ಅಳತೆಪಟ್ಟಿ ಇಟ್ಟು, "ಐದೂವರೆ. ಸರಿಯಾಗೇ ಇದೆಯಲ್ಲ" ಎಂದ.

"ಮೊನ್ನೆ ಸರಿ ಮಾಡಿದ್ದು ಸಾರ್. ಅವನು ಬಿದ್ದಾಗ ಬೆರಳೇ ಹೋಗ್ತಿರಲಿಲ್ಲ" ಎಂದಳು ಎರ್ಮೆಲಿಂದಾ.

ಇಂಜಿನಿಯರ್ ನಡಾವಳಿ ಪುಸ್ತಕ ತೆರೆದು ಅಧಿಕಾರಿಯ ಮುಂದಿಟ್ಟ.

"ಸಹಿ ನಿಮ್ಮದೇ ತಾನೆ?" ಅಧಿಕಾರಿ ಅವಳನ್ನು ಕೇಳಿದ.

"ನಂದೇ."

"ಸರಿ ಮಾಡಿಸಿ ಅಂತ ನೀವು ಕೊಟ್ಟ ಅರ್ಜಿ?"

ಅವಳು ಇಂಜಿನಿಯರ್ ಮುಖ ನೋಡಿದಳು. ಅವನು ಅಳತೆಪಟ್ಟಿ ನೋಡುತ್ತಿದ್ದ. ಉಳಿದ ಕಾರ್ಮಿಕರನ್ನು ಕರೆಸಿ ಕೇಳಿದರೆ ಯಾರಿಗೂ ಹಳೆಯ ಕಂಬಿ ನೆನಪಿರಲಿಲ್ಲ. ಮೀನು ಹಿಡಿಯಬಾರದ ತಿಂಗಳುಗಳು ಮುಗಿಯುತ್ತ ಬಂದಿದ್ದವು. ಹೊಸ ಹಂಗಾಮಿಗೆ ಯಾರು ಬೇಕೆಂಬ ಪಟ್ಟಿ ಇಂಜಿನಿಯರ್ ಮೇಜಿನ ಮೇಲಿತ್ತು.

ಸಾಕ್ಷಿಯಿಲ್ಲದ ಸೋಸಿಮೊ ಮರುದಿನ ಇಂಜಿನಿಯರ್ ಕೋಣೆಗೆ ಹೋಗಿ, ತಪ್ಪು ತನ್ನದೇ ಎಂಬ ಕಾಗದಕ್ಕೆ ಎಡಗೈಯಲ್ಲಿ ಸಹಿ ಗೀಚಿ ಹೊರಬಂದ. ಇಳಿಯುವಾಗ ಕಂಬಿ ಬಲಕ್ಕಿತ್ತು. ಎಡಗೈಯಿಂದ ಅದನ್ನು ಹಿಡಿಯಲು ಗೋಡೆಗೆ ಮುಖ ಮಾಡಿ, ಏಡಿಯ ಹಾಗೆ ಅಡ್ಡಡ್ಡ ಇಳಿದ.

"ಚೆನ್ನಾಗಿ ಮಾಡ್ಸಿದೀಯ ಕೊಮಾದ್ರೆ. ಹಿಡಿತ ಸಿಗ್ತದೆ."

ಜೊತೆಗೆ ಹೋಗಿದ್ದ ಎರ್ಮೆಲಿಂದಾ ಅವನ ಹಿಂದೆ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಇಳಿದಳು.